ಪಟ್ಟಿಯಲ್ಲಿ ಜಾಗ ಸಿಗದ ಹಬ್ಬ

ಕಳೆದ ಡಿಸೆಂಬರ್ ಎರಡನೇ ವಾರದಲ್ಲಿ ನಾನು ನಾಲ್ಕನೇ ತರಗತಿಗೆ ಒಂದು ಪರಿಸರ ಅಧ್ಯಯನ ಪಾಠ ಮಾಡಿದೆ. ವಿಷಯ ‘ಚಳಿಗಾಲದ ಹಬ್ಬಗಳು’. ವೀಕ್ಷಣಾ ಹಾಳೆಯಲ್ಲಿ 25ಕ್ಕೆ 21 ಅಂಕ ಬಂತು. ಪೀಠಿಕೆ ಚೆನ್ನಾಗಿದೆ, ಕಲಿಕೋಪಕರಣ ಆಕರ್ಷಕವಾಗಿದೆ, ಕಪ್ಪುಹಲಗೆ ಬರಹ ಅಚ್ಚುಕಟ್ಟಾಗಿದೆ ಎಂಬ ಷರಾ ಇತ್ತು. ನನ್ನ ಇಡೀ ಬೋಧನಾಭ್ಯಾಸದಲ್ಲಿ ಅಷ್ಟು ಅಂಕ ಬಂದ ಪಾಠ ಇನ್ನೊಂದಿಲ್ಲ. ಆದರೆ ಮಕ್ಕಳ ಕಡೆಯಿಂದ ನೋಡಿದರೆ ನಾನು ಮಾಡಿದ ಪಾಠಗಳಲ್ಲೆಲ್ಲ ಕೆಟ್ಟದ್ದು ಅದೇ ಎಂದು ಈಗ ಅನ್ನಿಸುತ್ತದೆ. ಹಾಗೇಕೆ ಅನ್ನಿಸುತ್ತದೆ ಎಂದು ಹೇಳುವುದಕ್ಕೆ, ಮುಂದಿನ ವರ್ಷ ಇದೇ ಪಾಠ ಕೈಗೆತ್ತಿಕೊಳ್ಳುವ ಕಿರಿಯ ಪ್ರಶಿಕ್ಷಣಾರ್ಥಿಗಳು ಅದೇ ತಪ್ಪು ಮಾಡದಿರಲಿ ಎಂಬುದಕ್ಕೆ ಈ ಲೇಖನ.

ಶಾಲೆ ಇರುವುದು ಹಾಸನದ ಅಂಚಿನಲ್ಲಿ. ತರಗತಿಯಲ್ಲಿ 31 ಮಕ್ಕಳು. ಹೆಚ್ಚಿನವರು ಸುತ್ತಲಿನ ಬಡಾವಣೆಯವರು. ಐದಾರು ಮಕ್ಕಳು ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಶೆಡ್ಡುಗಳಲ್ಲಿರುವ ಕುಟುಂಬದವರು. ಎರಡು ರಾತ್ರಿ ಕೂತು ನಾನೊಂದು ಚಾರ್ಟ್ ಮಾಡಿದ್ದೆ. ಮೇಲೆ ಮೂರು ಕಂಬಸಾಲು: ಸಂಕ್ರಾಂತಿ, ಕ್ರಿಸ್‌ಮಸ್, ರಂಜಾನ್. ಸೂರ್ಯ, ನಕ್ಷತ್ರ, ಚಂದ್ರನ ಚಿತ್ರ. ಎಡಗಡೆ ಐದು ಅಡ್ಡಸಾಲು: ಧರ್ಮ, ದೇವರು, ತಿಂಡಿ, ಉಡುಗೆ, ಅಲಂಕಾರ. ಮಕ್ಕಳು ಉತ್ತರ ಹೇಳಬೇಕು, ನಾನು ಚೀಟಿ ಅಂಟಿಸಬೇಕು. ಕೊನೆಗೆ ‘ಎಲ್ಲ ಹಬ್ಬಗಳ ಸಾರ ಒಂದೇ’ ಎಂದು ಎಲ್ಲರೂ ಒಟ್ಟಿಗೆ ಹೇಳಿ ಮುಗಿಸಬೇಕು. ಪಾಠ ಯೋಜನೆಯಲ್ಲಿ ಇದೆಲ್ಲ ಬಹಳ ಚೆನ್ನಾಗಿ ಕಾಣುತ್ತಿತ್ತು.

ಮೊದಲ ತೊಡಕು ಬಂದದ್ದು ರಂಜಾನ್ ಸಾಲಿನಲ್ಲಿ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಮಿಸ್, ರಂಜಾನ್ ಚಳಿಗಾಲದಲ್ಲಿ ಬರಲ್ಲ. ಹೋದ ಸಲ ಬಿಸಿಲಲ್ಲಿ ಬಂದಿತ್ತು. ನಮ್ಮಮ್ಮಂಗೆ ತುಂಬಾ ಬಾಯಾರಿಕೆ ಆಗ್ತಿತ್ತು” ಅಂದಳು. ಅವಳು ಹೇಳಿದ್ದು ನಿಜ. ನನಗೂ ಗೊತ್ತಿದ್ದ ನಿಜವೇ. ಆದರೆ ಚಾರ್ಟ್‌ನಲ್ಲಿ ಎಲ್ಲರಿಗೂ ಒಂದೊಂದು ಮನೆ ಇರಲಿ ಎಂದು ನಾನು ರಂಜಾನನ್ನು ಚಳಿಗಾಲಕ್ಕೆ ತಂದು ಕೂರಿಸಿದ್ದೆ. “ಕೆಲವು ಸಲ ಚಳಿಗಾಲದಲ್ಲೂ ಬರುತ್ತೆ, ಕೂತ್ಕೊ” ಅಂದೆ.

ಎರಡನೆಯದು ಕ್ರಿಸ್‌ಮಸ್. ತರಗತಿಯಲ್ಲಿ ಒಬ್ಬಳೇ ಕ್ರೈಸ್ತ ಹುಡುಗಿ. ಅವಳನ್ನು ಎಬ್ಬಿಸಿ ನಿಲ್ಲಿಸಿ, “ನಿಮ್ಮ ಹಬ್ಬದ ಬಗ್ಗೆ ಎಲ್ಲರಿಗೂ ಹೇಳು” ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕರ್ಜಿಕಾಯಿ, ಚಕ್ಕುಲಿ, ಕಜ್ಜಾಯ ಮಾಡ್ತಾರೆ” ಅಂದಳು. ಹಿಂದಿನಿಂದ ಒಬ್ಬ, “ಅದು ನಮ್ಮ ಹಬ್ಬದ್ದು ಕಣೇ” ಅಂದ. ನಾನು ಆ ಮಾತು ಕೇಳಿಸಿಕೊಳ್ಳದವಳಂತೆ “ಮತ್ತೆ ಕೇಕ್?” ಎಂದು ಕೇಳಿದೆ. ನನ್ನ ಕೈಯಲ್ಲಿ ಕೇಕ್ ಎಂದು ಬರೆದ ಚೀಟಿ ಸಿದ್ಧವಾಗಿತ್ತು. ಅವಳು “ಹೂಂ ಮಿಸ್, ಕೇಕ್” ಎಂದು ಕೂತುಬಿಟ್ಟಳು. ಚೀಟಿ ಅಂಟಿತು.

ಮೂರನೆಯದು ನನ್ನನ್ನು ಈಗಲೂ ಕಾಡುತ್ತದೆ. ಯಾದಗಿರಿ ಕಡೆಯ ಹುಡುಗನೊಬ್ಬ ಕೈ ಎತ್ತಿದ. ಅವನು ಕೈ ಎತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು. “ಮಿಸ್, ನಮ್ಮೂರಾಗ ಎಳ್ಳ ಅಮಾಸಿ ಮಾಡ್ತಾರ್ರೀ. ಎಲ್ಲಾರೂ ಹೊಲಕ್ಕ ಹೋಗಿ ಚರಗಾ ಚೆಲ್ತೀವ್ರೀ” ಅಂದ. “ಚರಗ ಅಂದ್ರೆ?” ಅಂದರು ಪಕ್ಕದವರು. “ಊಟಾರೀ. ಹೊಲದ ತುಂಬಾ ಚೆಲ್ಲೂದು” ಅಂದ. ತರಗತಿ ಗೊಳ್ಳೆಂದು ನಕ್ಕಿತು. “ಊಟಾನ ಚೆಲ್ತಾರಂತೆ ಮಿಸ್!” ನಮ್ಮ ಕಡೆ ಚೆಲ್ಲುವುದೆಂದರೆ ಹಾಳು ಮಾಡುವುದು, ಬಿಸಿಯೂಟದ ಸಾಲಿನಲ್ಲಿ ದಿನಾ ‘ಅನ್ನ ಚೆಲ್ಲಬೇಡಿ’ ಎಂದು ಹೇಳಿಸಿಕೊಳ್ಳುವ ಮಕ್ಕಳು ಅವರು. ಗಡಿಯಾರದಲ್ಲಿ ಇನ್ನು ಹನ್ನೆರಡು ನಿಮಿಷ ಉಳಿದಿತ್ತು, ಅಂಟಿಸಬೇಕಾದ ಚೀಟಿ ಆರು ಉಳಿದಿದ್ದವು. “ಅದು ಈ ಪಾಠದಲ್ಲಿ ಇಲ್ಲ, ಆಮೇಲೆ ಹೇಳುವೆಯಂತೆ” ಅಂದೆ. ಆ ‘ಆಮೇಲೆ’ ಅಂದು ಬರಲಿಲ್ಲ.

ಪಾಠ ಮುಗಿದ ಮೇಲೆ ನಾನು ಅಂಕ ನೋಡಿ ಖುಷಿಯಲ್ಲಿದ್ದೆ. ಮಾರ್ಗದರ್ಶಿ ಶಿಕ್ಷಕಿ ಹತ್ತಿರ ಬಂದು, “ಅಂಕ ಬಂತಲ್ಲಮ್ಮ, ಸರಿ. ಆ ಹುಡುಗ ಊಟಕ್ಕೆ ಎಲ್ಲಿ ಕೂತಿದಾನೆ ಒಂದ್ಸಲ ನೋಡ್ಕೊಂಡು ಬಾ” ಅಂದರು. ಹೋಗಿ ನೋಡಿದೆ. ಅವನು ಕಂಬದ ಹಿಂದೆ ಒಬ್ಬನೇ ಕೂತಿದ್ದ. ಇತ್ತ ಸಾಲಿನಿಂದ ಇಬ್ಬರು “ಚೆಲ್ಬೇಡ ಕಣೋ, ಚೆಲ್ಬೇಡ” ಎಂದು ನಗುತ್ತಿದ್ದರು. ಬೇರೆ ಬೇರೆ ಹಬ್ಬಗಳ ಬಗ್ಗೆ ಗೌರವ ಬೆಳೆಸುವುದು ಎಂದು ನಾನು ಪಾಠ ಯೋಜನೆಯಲ್ಲಿ ಕಲಿಕಾ ಫಲ ಬರೆದಿದ್ದೆ. ನನ್ನ ಪಾಠ ಕೊಟ್ಟ ಫಲ ನನ್ನ ಕಣ್ಣೆದುರಿಗೇ ಇತ್ತು.

ಅಲ್ಲಿಂದೀಚೆಗೆ ಈ ವಿಷಯವನ್ನು ಯೋಚಿಸುತ್ತಿದ್ದೇನೆ. ಚಿಕ್ಕ ಮಕ್ಕಳಿಗೆ ಹಬ್ಬಗಳ ಹೋಲಿಕೆ ಕಲಿಸಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹೋಲಿಸುವುದಕ್ಕೆ ನಾವು ಯಾವ ಪ್ರಶ್ನೆ ಕೊಡುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ. ಪಾಠ ಕೆಡುವುದೂ ಕೂಡುವುದೂ ಅಲ್ಲೇ.

ನನ್ನ ಚಾರ್ಟ್‌ನ ಮೊದಲ ಅಡ್ಡಸಾಲು ‘ಧರ್ಮ’. ಅದನ್ನು ತುಂಬಿದ ಮರುಕ್ಷಣವೇ ತರಗತಿ ಮೂರು ಪಾಲಾಯಿತು. ಆ ಕ್ಷಣದವರೆಗೆ ಅವರು 31 ಮಕ್ಕಳಾಗಿದ್ದರು. ಆಮೇಲೆ ಯಾರ ಹಬ್ಬ ಯಾವುದು ಎಂದು ಒಬ್ಬರನ್ನೊಬ್ಬರು ನೋಡತೊಡಗಿದರು. ಕರ್ಜಿಕಾಯಿ ನಮ್ಮದೋ ನಿಮ್ಮದೋ ಎಂಬ ಪ್ರಶ್ನೆ ಹುಟ್ಟಿದ್ದು ಆ ಸಾಲಿನಿಂದ. ಇನ್ನು ‘ಎಳ್ಳ ಅಮಾವಾಸ್ಯೆ’ಗೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ, ಏಕೆಂದರೆ ಹಿಂದೂ ಎಂಬ ಮನೆಯನ್ನು ಸಂಕ್ರಾಂತಿ ಆಗಲೇ ತುಂಬಿತ್ತು. ಒಂದು ಧರ್ಮಕ್ಕೆ ಒಂದು ಹಬ್ಬ, ಒಂದು ಹಬ್ಬಕ್ಕೆ ಒಂದು ತಿಂಡಿ ಎಂದು ಲೆಕ್ಕ ಹಾಕಿದರೆ ಹೆಚ್ಚಿನ ಮಕ್ಕಳ ಮನೆಯ ಸಂಗತಿ ಲೆಕ್ಕದಿಂದ ಹೊರಗೇ ಉಳಿಯುತ್ತದೆ.

ಆದ್ದರಿಂದ ನನ್ನ ಮೊದಲ ಸಲಹೆ: ಎರಡು ಸಮುದಾಯಗಳನ್ನು ಹೋಲಿಸುವ ಮೊದಲು ಒಂದೇ ಹಬ್ಬದ ಒಳಗಿನ ವ್ಯತ್ಯಾಸವನ್ನು ಹೋಲಿಸಿ. ಸಂಕ್ರಾಂತಿಯನ್ನೇ ತೆಗೆದುಕೊಳ್ಳಿ. ನಮ್ಮ ಹಳೇ ಮೈಸೂರು ಕಡೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿ ಸಕ್ಕರೆ ಅಚ್ಚು, ಕಬ್ಬಿನ ತುಂಡಿನ ಜೊತೆ ಮನೆಮನೆಗೆ ಎಳ್ಳು ಬೀರುತ್ತಾರೆ. ಸಂಜೆ ದನಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಕುಸುರೆಳ್ಳು ಹಂಚುತ್ತಾರೆ, ಹೊಳೆ ಸ್ನಾನಕ್ಕೆ ಹೋಗುತ್ತಾರೆ, ಬುತ್ತಿ ಕಟ್ಟಿಕೊಂಡು ಹೋಗಿ ಒಟ್ಟಿಗೆ ಉಣ್ಣುತ್ತಾರೆ. ಕೊಡಗಿನಲ್ಲಿ ಹೊಸ ಭತ್ತದ ಸಂಭ್ರಮ ಸಂಕ್ರಾಂತಿಗೆ ಕಾಯುವುದಿಲ್ಲ; ನವೆಂಬರ್ ಕೊನೆ ಅಥವಾ ಡಿಸೆಂಬರ್‌ನ ಹುಣ್ಣಿಮೆಯ ಹೊತ್ತಿಗೆ ಹುತ್ತರಿಯಲ್ಲಿ ಕದಿರು ತೆಗೆದು ಮನೆಗೆ ತರುತ್ತಾರೆ. ತಮಿಳುನಾಡಿನಲ್ಲಿ ಭೋಗಿಯಿಂದ ಹಿಡಿದು ನಾಲ್ಕು ದಿನ ಪೊಂಗಲ್. ಅದರಲ್ಲಿ ಒಂದು ದಿನ ದನಗಳಿಗೇ ಮೀಸಲು. ಅಷ್ಟು ದೂರವೂ ಹೋಗಬೇಕಿಲ್ಲ. ಒಂದೇ ಬೀದಿಯಲ್ಲಿ ಎಳ್ಳು ಬೀರುವ ಮನೆ ಇದೆ, ಬೀರದ ಮನೆ ಇದೆ. ‘ನಮ್ಮದು’ ಎಂದು ನಾವು ಹೇಳುವುದರೊಳಗೇ ಇಷ್ಟು ಬಗೆ ಇದೆ ಎಂದು ಕಂಡ ಮಗುವಿಗೆ ಇನ್ನೊಬ್ಬರ ಹಬ್ಬ ಬೇರೆಯಾಗಿರುವುದು ವಿಚಿತ್ರ ಅನ್ನಿಸುವುದಿಲ್ಲ.

ಎರಡನೆಯದು, ಪಾಠದ ಸಂಗತಿ ಸರಿಯಾಗಿರಬೇಕು. ರಂಜಾನ್ ವಿಷಯದಲ್ಲಿ ನಾನು ಮಾಡಿದ್ದು ಒಳ್ಳೆಯ ಉದ್ದೇಶದ ಸುಳ್ಳು. ಆ ಹುಡುಗಿ ಕೇಳಿದ್ದು ನಿಜಕ್ಕೂ ಪರಿಸರ ಅಧ್ಯಯನದ ಪ್ರಶ್ನೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಇಸ್ಲಾಮಿ ಪಂಚಾಂಗ ಈ ಕೊರತೆಯನ್ನು ತುಂಬಿಸಿಕೊಳ್ಳುವುದಿಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ನಮ್ಮ ಚಾಂದ್ರಮಾನ ಪಂಚಾಂಗ ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಕೊರತೆ ತುಂಬಿಸಿಕೊಳ್ಳುತ್ತದೆ. ಅದಕ್ಕೇ ದೀಪಾವಳಿ ಸ್ವಲ್ಪ ಹಿಂದೆ ಮುಂದೆ ಆದರೂ ಬೇಸಿಗೆಗೆ ಹೋಗುವುದಿಲ್ಲ. ಸಂಕ್ರಾಂತಿ ಸೂರ್ಯನ ಲೆಕ್ಕದ್ದು. ಆದ್ದರಿಂದ ಜನವರಿ 14 ಅಥವಾ 15 ಬಿಟ್ಟು ಅಲುಗುವುದಿಲ್ಲ. ‘ಕೂತ್ಕೊ’ ಎನ್ನುವ ಬದಲು ನಾನು “ಹೌದಲ್ಲ, ಸಂಕ್ರಾಂತಿ ಯಾವಾಗಲೂ ಚಳಿಯಲ್ಲೇ ಬರುತ್ತೆ, ರಂಜಾನ್ ಯಾಕೆ ಓಡಾಡುತ್ತೆ?” ಎಂದು ಕೇಳಿದ್ದರೆ ಆ ಹುಡುಗಿ ತರಗತಿಗೆ ಒಂದು ಹೊಸ ವಿಷಯ ತಂದವಳಾಗುತ್ತಿದ್ದಳು. ಹಳೆಯ ಕ್ಯಾಲೆಂಡರ್‌ಗಳನ್ನು ತರಿಸಿ ನಾಲ್ಕೈದು ವರ್ಷದ ತಾರೀಖು ಬರೆಸಿದರೆ ನಾಲ್ಕನೇ ತರಗತಿಯ ಮಗುವೇ ಈ ಸರಿತವನ್ನು ಕಂಡುಹಿಡಿಯುತ್ತದೆ. ಎಲ್ಲರನ್ನೂ ಸೇರಿಸಿಕೊಳ್ಳಬೇಕು, ನಿಜ. ಆದರೆ ಸುಳ್ಳು ಹೇಳಿ ಸೇರಿಸಿಕೊಂಡರೆ ಸೇರಿಸಿಕೊಂಡವರಿಗೇ ಅದು ಮೊದಲು ಗೊತ್ತಾಗುತ್ತದೆ.

ಮೂರನೆಯದು, ಯಾವ ಮಗುವನ್ನೂ ಒಂದು ಸಮುದಾಯದ ಪ್ರತಿನಿಧಿಯಾಗಿ ಎಬ್ಬಿಸಿ ನಿಲ್ಲಿಸಬಾರದು. ‘ನಿಮ್ಮ ಹಬ್ಬದ ಬಗ್ಗೆ ಹೇಳು’ ಎಂಬ ಮಾತಿನಲ್ಲಿ ಆ ‘ನಿಮ್ಮ’ ಎಂಬುದು ಒಂಬತ್ತು ವರ್ಷದ ಹುಡುಗಿಯ ಮೇಲೆ ಹೊರಿಸಿದ ದೊಡ್ಡ ಹೊರೆ. ಉಳಿದ ಮೂವತ್ತು ಜನರನ್ನು ನಾನು ಹಾಗೆ ಕೇಳಿರಲಿಲ್ಲ. ‘ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ’ ಎಂದು ಎಲ್ಲರನ್ನೂ ಕೇಳಿದರೆ, ಹೇಳಬೇಕೆನ್ನಿಸಿದವರು ಹೇಳುತ್ತಾರೆ, ಬೇಡವೆನ್ನಿಸಿದವರು ಸುಮ್ಮನಿರುತ್ತಾರೆ. ಅವಳಿಗೆ ಗೊತ್ತಿದ್ದುದು ಅವಳ ಅಜ್ಜಿಯ ಕರ್ಜಿಕಾಯಿ. ನನಗೆ ಬೇಕಾಗಿದ್ದುದು ಪುಸ್ತಕದ ಕೇಕ್. ಮಗುವಿನ ಬಾಯಿಂದ ನಮಗೆ ಬೇಕಾದ್ದನ್ನು ಹೇಳಿಸುವುದಾದರೆ ಮಗುವನ್ನು ಕೇಳುವುದೇಕೆ?

ಮಾರ್ಗದರ್ಶಿ ಶಿಕ್ಷಕಿಯ ಒಪ್ಪಿಗೆ ಪಡೆದು ಎಂಟು ದಿನ ಬಿಟ್ಟು ಅದೇ ತರಗತಿಗೆ ಅದೇ ಪಾಠವನ್ನು ಮತ್ತೆ ಮಾಡಿದೆ. ಈ ಸಲ ಚಾರ್ಟ್ ಇರಲಿಲ್ಲ. ಹಿಂದಿನ ದಿನ, ‘ಚಳಿ ಶುರುವಾದ ಮೇಲೆ ನಮ್ಮ ಮನೆಯಲ್ಲಿ ಏನೇನು ಬೇರೆ ಆಗುತ್ತದೆ’ ಎಂದು ಮನೆಯ ಹಿರಿಯರೊಬ್ಬರನ್ನು ಕೇಳಿಕೊಂಡು ಬರಲು ಹೇಳಿದ್ದೆ. ಹಬ್ಬ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೆ. ಮೇಜಿನ ಮೇಲೆ ಎಳ್ಳು, ಕಡಲೆಕಾಯಿ, ಬೆಲ್ಲ, ಅವರೆಕಾಯಿ, ರಾಗಿ, ಸಜ್ಜೆ, ಒಂದು ಮೇಣದಬತ್ತಿ, ಒಂದು ಮಣ್ಣಿನ ಹಣತೆ ಇಟ್ಟೆ.

ಮೊದಲು ಬಂದದ್ದು ಅವರೆಕಾಯಿ. ಹಾಸನದ ಕಡೆ ಈ ತಿಂಗಳು ಅವರೆ ಬಿಡಿಸದ ಮನೆ ಯಾವುದಿದೆ? ಹಿತಕಿದಬೇಳೆ ಸಾರಿಗೆ ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಎಲ್ಲರೂ ಕೂತು ಹಿತುಕುವುದನ್ನು ಹನ್ನೆರಡು ಮಕ್ಕಳು ಹೇಳಿದರು. ಅದರಲ್ಲಿ ರಂಜಾನ್ ಪ್ರಶ್ನೆ ಕೇಳಿದ ಹುಡುಗಿಯೂ ಇದ್ದಳು. “ನಮ್ಮ ಮನೇಲಿ ಈಗ ಹಬ್ಬ ಇಲ್ಲ ಮಿಸ್, ಅವರೆ ಇದೆ” ಅಂದಳು. ಆಮೇಲೆ, “ಸಂಕ್ರಾಂತಿಗೆ ಪಕ್ಕದ ಮನೆ ಆಂಟಿ ಎಳ್ಳು ಕೊಡ್ತಾರೆ, ನಾವು ಅವ್ರಿಗೆ ರಂಜಾನ್‌ಗೆ ಶೀರ್ ಖುರ್ಮಾ ಕೊಡ್ತೀವಿ” ಎಂದೂ ಸೇರಿಸಿದಳು. ಕ್ರೈಸ್ತ ಹುಡುಗಿಯನ್ನು ನಾನು ಈ ಸಲ ಎಬ್ಬಿಸಲಿಲ್ಲ. ಅವಳೇ ಮೇಜಿನ ಹತ್ತಿರ ಬಂದು ರಾಗಿ ಹಿಡಿ ತೆಗೆದುಕೊಂಡು, “ಗೋದಲಿಗೆ ನಾವು ರಾಗಿ ಪೈರು ಬೆಳೆಸ್ತೀವಿ. ಈಗಾಗ್ಲೇ ಇಷ್ಟುದ್ದ ಬಂದಿದೆ” ಎಂದು ಬೆರಳಲ್ಲಿ ತೋರಿಸಿದಳು. ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಸುತ್ತ ಹಸಿರು ಹುಲ್ಲಾಗಿ ರಾಗಿ! ಹಿಂದಿನ ವಾರ ನಾನು ಇದೇ ಮಕ್ಕಳಿಂದ ಕ್ರಿಸ್‌ಮಸ್ ಗಿಡಕ್ಕೆ ಹತ್ತಿಯ ಹಿಮ ಅಂಟಿಸಿದ್ದೆ. ‘ನಮ್ಮ ಹಬ್ಬದ್ದು ಕಣೇ’ ಎಂದಿದ್ದ ಹುಡುಗನೇ “ಎಷ್ಟು ದಿನಕ್ಕೆ ಅಷ್ಟುದ್ದ ಬರುತ್ತೆ?” ಎಂದು ಕೇಳಿದ.

ಯಾದಗಿರಿಯ ಹುಡುಗ ಕೈ ಎತ್ತಲಿಲ್ಲ. ಅದು ನಾನು ಕಳೆದುಕೊಂಡದ್ದು, ನಾನೇ ಹುಡುಕಿಕೊಳ್ಳಬೇಕಿತ್ತು. “ಹೋದ ವಾರ ನೀನು ಹೇಳಿದ್ದನ್ನ ನಾನು ಪೂರ್ತಿ ಕೇಳಲಿಲ್ಲ, ತಪ್ಪು ನಂದು. ಇವತ್ತು ಹೇಳ್ತೀಯಾ?” ಎಂದು ಎಲ್ಲರೆದುರಿಗೆ ಕೇಳಿದೆ. ಅವನು ನಿಧಾನಕ್ಕೆ ಹೇಳಿದ. ಮಾರ್ಗಶಿರದ ಅಮಾವಾಸ್ಯೆಗೆ ಹೊಲದಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಾಳು-ಕಾಯಿಪಲ್ಯೆ ಹಾಕಿದ ಭಜ್ಜಿ ಮಾಡಿಕೊಂಡು ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರ್‌ನಲ್ಲೋ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಪೂಜೆ ಆದ ಮೇಲೆ ಮಾಡಿದ ಅಡುಗೆಯಲ್ಲಿ ಒಂದಿಷ್ಟು ತೆಗೆದು ಹೊಲದ ಸುತ್ತ ಚೆಲ್ಲುತ್ತಾ ಬರುತ್ತಾರೆ. ಭೂಮಿತಾಯಿ ಉಂಡ ಮೇಲೆ ಉಳಿದವರ ಊಟ. “ಅಂದ್ರೆ ಹಾಳು ಮಾಡೋದಲ್ಲ, ಹೊಲಕ್ಕೆ ಬಡಿಸೋದು” ಅಂದೆ. “ಹೌದ್ರೀ” ಅಂದ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ನಮ್ಮಜ್ಜಿನೂ ನಾವು ತಿನ್ನೋಕ್ಮುಂಚೆ ಕಾಗೆಗೆ ಇಡ್ತಾರೆ” ಅಂದಳು. ಇನ್ನೊಬ್ಬ, “ಕಿಚ್ಚಿಗೆ ಮುಂಚೆ ನಮ್ಮ ಹಸೂಗೆ ಪೊಂಗಲ್ ತಿನ್ನಿಸ್ತೀವಿ.” ರಾಗಿ ಹುಡುಗಿ, “ನಮ್ಮಮ್ಮ ಕರ್ಜಿಕಾಯಿ ತಟ್ಟೆನ ಮೊದ್ಲು ಅಕ್ಕಪಕ್ಕದ ಮನೆಗೆ ಕಳಿಸ್ತಾರೆ, ಆಮೇಲೆ ನಮಗೆ.” ಯಾವ ಪಾಠ ಯೋಜನೆಯಲ್ಲೂ ನಾನು ಬರೆದಿರದ ಅಡ್ಡಸಾಲೊಂದು ಮಕ್ಕಳಿಂದಲೇ ಹುಟ್ಟಿತು: ನಾವು ತಿನ್ನುವ ಮೊದಲು ಯಾರಿಗೆ ಕೊಡುತ್ತೇವೆ? ಹೊಲಕ್ಕೆ, ಹಸುವಿಗೆ, ಕಾಗೆಗೆ, ನೆರೆಯವರಿಗೆ. ಉತ್ತರಗಳು ಒಂದೇ ಅಲ್ಲ, ಆದರೆ ಒಂದೇ ಪ್ರಶ್ನೆಗೆ ಬಂದ ಉತ್ತರಗಳು. ಹೋಲಿಕೆ ಎಂದರೆ ಇದೇ ಎಂದು ನನಗೆ ಅಂದು ಅರ್ಥವಾಯಿತು.

ಇಲ್ಲಿ ನನ್ನ ನಾಲ್ಕನೆಯ ಮಾತು. ‘ಎಲ್ಲ ಹಬ್ಬಗಳ ಸಾರ ಒಂದೇ’ ಎಂದು ಪಾಠ ಮುಗಿಸುವುದನ್ನು ಬಿಡೋಣ. ಅದು ಕೇಳಲು ಹಿತ, ಆದರೆ ಮಗುವಿಗೆ ಅದರಿಂದ ಕಲಿಯಲು ಏನೂ ಸಿಗುವುದಿಲ್ಲ. ಚರಗ ಚೆಲ್ಲುವುದೂ ಕಿಚ್ಚು ಹಾಯಿಸುವುದೂ ಒಂದೇ ಅಲ್ಲ. ಕ್ರಿಸ್‌ಮಸ್ ಒಬ್ಬರ ಹುಟ್ಟನ್ನು ನೆನೆಯುವ ದಿನ, ಸಂಕ್ರಾಂತಿ ಹಾಗಲ್ಲ. ವ್ಯತ್ಯಾಸವನ್ನು ಒರೆಸಿಹಾಕಿ ಒಗ್ಗಟ್ಟು ಕಲಿಸಿದರೆ, ವ್ಯತ್ಯಾಸ ಎಂದರೆ ಒರೆಸಬೇಕಾದ ಸಂಗತಿ ಎಂದು ಮಗು ಕಲಿಯುತ್ತದೆ. ಅದರ ಬದಲು ‘ಇದು ಇಲ್ಲಿ ಹೀಗೆ, ಅಲ್ಲಿ ಹಾಗೆ, ಏಕೆ?’ ಎಂದು ನಿಲ್ಲಿಸಿದರೆ ಮಗು ಮನೆಗೆ ಹೋಗಿಯೂ ಯೋಚಿಸುತ್ತದೆ.

ಆ ‘ಏಕೆ’ಗೆ ಋತು ಬಹಳ ಸಹಾಯ ಮಾಡುತ್ತದೆ. ಹೊಸ ಎಳ್ಳು, ಹೊಸ ಕಡಲೆಕಾಯಿ, ಹೊಸ ಬೆಲ್ಲ ಮನೆಗೆ ಬರುವ ಕಾಲ ಇದು. ಹಾಗಾಗಿಯೇ ಮಹಾರಾಷ್ಟ್ರದಲ್ಲಿ ತಿಳಗುಳ, ಪಂಜಾಬಿನ ಲೋಹ್ರಿ ಬೆಂಕಿಯ ಸುತ್ತ ಕಡಲೆಕಾಯಿ ಮತ್ತು ರೇವ್ಡಿ, ಅಸ್ಸಾಮಿನ ಮಾಘ ಬಿಹುವಿನಲ್ಲಿ ಎಳ್ಳು-ಬೆಲ್ಲ ತುಂಬಿದ ಪಿಠಾ, ನಮ್ಮಲ್ಲಿ ಎಳ್ಳು-ಬೆಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವುದೂ ಇದೇ ಸುಗ್ಗಿಯ ನಂಟಿನಿಂದ. ಭಾರತದ ನಕ್ಷೆಯ ಮೇಲೆ ಎಳ್ಳಿನ ಕಾಳು ಅಂಟಿಸುತ್ತಾ ಹೋದರೆ ಮಕ್ಕಳಿಗೆ ಅದೇ ಒಂದು ಪಾಠ.

ದೂರದ ದೇಶಗಳನ್ನು ಯಾವಾಗ ತರಬೇಕು? ಹತ್ತಿರದ್ದು ಮುಗಿದ ಮೇಲೆ, ಒಂದು ಪ್ರಶ್ನೆಯ ಕೈ ಹಿಡಿದು. ನಾನು ಕೇಳಿದ್ದು ಇದು: ರಾತ್ರಿ ತುಂಬ ಉದ್ದವಾದರೆ ಜನ ಏನು ಮಾಡುತ್ತಾರೆ? ಹಾಸನದಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಸುಮಾರು ಹನ್ನೊಂದೂವರೆ ಗಂಟೆ ಇರುತ್ತದೆ. ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಆ ದಿನ ಹಗಲು ಸುಮಾರು ಆರೇ ಗಂಟೆ. ಮಧ್ಯಾಹ್ನದ ಊಟದ ಗಂಟೆ ಹೊಡೆದು ಸ್ವಲ್ಪ ಹೊತ್ತಿಗೆಲ್ಲ ಕತ್ತಲು ಎಂದಾಗ ಮಕ್ಕಳ ಕಣ್ಣು ಅರಳಿದವು. ಅಲ್ಲಿ ಡಿಸೆಂಬರ್ 13ರಂದು ಲೂಸಿಯಾ ದಿನ, ಬಿಳಿ ಉಡುಪಿನ ಹುಡುಗಿ ತಲೆಯ ಮೇಲೆ ದೀಪಗಳ ಕಿರೀಟ ಇಟ್ಟುಕೊಂಡು ಬರುತ್ತಾಳೆ ಎಂದರೆ ಆಗ ಅದು ಬರೀ ಚೆಂದದ ಚಿತ್ರವಾಗಿ ಉಳಿಯುವುದಿಲ್ಲ. ಅಲ್ಲಿ ಬೆಳಕಿಗೆ ಏಕೆ ಅಷ್ಟು ಬೆಲೆ ಎಂದು ತಿಳಿಯುತ್ತದೆ. ಇರಾನಿನಲ್ಲಿ ವರ್ಷದ ಅತಿ ಉದ್ದದ ರಾತ್ರಿಯನ್ನು ಯಲ್ದಾ ಎಂದು ಕರೆದು, ಮನೆಮಂದಿ ಅಜ್ಜ ಅಜ್ಜಿಯರ ಬಳಿ ಸೇರಿ ದಾಳಿಂಬೆ, ಕಲ್ಲಂಗಡಿ ತಿನ್ನುತ್ತಾ ಎಚ್ಚರವಾಗಿರುತ್ತಾರೆ. ಇನ್ನು ಆಸ್ಟ್ರೇಲಿಯಾದಲ್ಲಿ ಕ್ರಿಸ್‌ಮಸ್ ಬರುವುದೇ ಸುಡುಬೇಸಿಗೆಯಲ್ಲಿ. ಇದನ್ನು ಹೇಳಿದ ಮೇಲೆ ಒಬ್ಬ ಹುಡುಗ ಎದ್ದು ಹಿಂದಿನ ವಾರ ತಾನು ಅಂಟಿಸಿದ್ದ ಹತ್ತಿಯನ್ನು ಕಿತ್ತು ಬಂದ. ನಾನು ಬೇಡ ಅನ್ನಲಿಲ್ಲ.

ನನ್ನ ಅಭಿಪ್ರಾಯವನ್ನು ಒಪ್ಪದವರಿದ್ದಾರೆ. ಸಹಪಾಠಿಯೊಬ್ಬರು, “ಇಷ್ಟು ಚಿಕ್ಕವರಿಗೆ ಹೋಲಿಕೆ ಗೀಲಿಕೆ ಯಾಕೆ? ಚಿತ್ರ ಬರೆಸಿ, ಹಾಡು ಹೇಳಿಸಿ, ಸಾಕು” ಎನ್ನುತ್ತಾರೆ. ಆದರೆ ನಲಿ-ಕಲಿ ಕೊಠಡಿಯಲ್ಲಿ ಆರು ವರ್ಷದ ಮಕ್ಕಳು ಎಲೆಗಳನ್ನು ಬಣ್ಣಕ್ಕೆ, ಅಂಚಿಗೆ, ಉದ್ದಕ್ಕೆ ವಿಂಗಡಿಸುವುದನ್ನು ನಾವೆಲ್ಲ ನೋಡಿದ್ದೇವೆ. ಕೈಗೆ ಸಿಗುವ ವಸ್ತು ಇದ್ದರೆ ಚಿಕ್ಕವರು ಚೆನ್ನಾಗಿಯೇ ಹೋಲಿಸುತ್ತಾರೆ. ಅವರಿಗೆ ಕಷ್ಟವಾಗುವುದು ‘ಧರ್ಮ’, ‘ಸಂಸ್ಕೃತಿ’ಯಂಥ ದೊಡ್ಡ ಪದಗಳು. ಒಂದು ಎರಡನೇ ತರಗತಿಗೆ ಎರಡೇ ವಸ್ತು, ಒಂದೇ ಪ್ರಶ್ನೆ ಸಾಕು: ಇದನ್ನು ನಿಮ್ಮ ಮನೆಯಲ್ಲಿ ಯಾರು ಮಾಡುತ್ತಾರೆ, ಯಾರಿಗೆ ಕೊಡುತ್ತಾರೆ? ಶಾಲೆಯ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಹಬ್ಬಕ್ಕಿಂತ ಹತ್ತಿರದ ಬದುಕು ಮಗುವಿಗೆ ಬೇರೆ ಯಾವುದು?

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಬೇರೆಯವರ ಹಬ್ಬ ಕಲಿಸಿದರೆ ಪೋಷಕರು ಬೇಸರ ಮಾಡಿಕೊಳ್ಳುತ್ತಾರೆ, ಗೊಡವೆಯೇ ಬೇಡ ಎನ್ನುವವರಿದ್ದಾರೆ. ಅವರ ಅಳುಕನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದಲೇ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ: ತರಗತಿಯಲ್ಲಿ ಹಬ್ಬದ ಬಗ್ಗೆ ತಿಳಿಯುತ್ತೇವೆ, ಹಬ್ಬ ಆಚರಿಸುವುದಿಲ್ಲ. ಯಾರ ಕೈಯಲ್ಲೂ ಪೂಜೆ ಮಾಡಿಸುವುದಿಲ್ಲ, ಪ್ರಾರ್ಥನೆ ಹೇಳಿಸುವುದಿಲ್ಲ, ವೇಷ ಹಾಕಿಸುವುದಿಲ್ಲ, ತಿನ್ನಲೇಬೇಕು ಎನ್ನುವುದಿಲ್ಲ. ಜನ ಏನು ಮಾಡುತ್ತಾರೆ, ಯಾವಾಗ, ಯಾರೊಂದಿಗೆ, ಏಕೆ ಎಂದು ಕೇಳುತ್ತೇವೆ. ಮನೆಯ ಹಿರಿಯರನ್ನು ಕೇಳಿ ಬರಲು ಹೇಳಿದ್ದರಿಂದ ಪೋಷಕರಿಗೆ ಪಾಠ ಏನೆಂದು ಮೊದಲೇ ತಿಳಿದಿತ್ತು. ಒಬ್ಬ ತಾಯಿ ಶಾಲೆಯ ಗೇಟಿನವರೆಗೆ ಬಂದದ್ದು ನಿಜ. ದೂರು ಹೇಳಲು ಅಲ್ಲ, ರಾಗಿ ಪೈರು ಹೇಗೆ ಬೆಳೆಸುವುದೆಂದು ಆ ಹುಡುಗಿಯ ಅಮ್ಮನನ್ನು ಕೇಳಲು.

ಎರಡನೇ ಪಾಠಕ್ಕೆ ನನಗೆ 17 ಅಂಕ ಬಂತು. ಕಲಿಕೋಪಕರಣಕ್ಕೆ ಸಿದ್ಧತೆ ಸಾಲದು, ಸಮಯ ಮೀರಿದೆ, ಸಾರಾಂಶ ಹೇಳಿಸಿಲ್ಲ ಎಂಬ ಷರಾ. ಮೂರೂ ನಿಜವೇ, ನನಗೆ ಅದರ ಬಗ್ಗೆ ತಕರಾರಿಲ್ಲ. ಸಮಯ ಪಾಲಿಸುವುದನ್ನು ನಾನು ಕಲಿಯಬೇಕು. ಆದರೆ ನಮ್ಮ ವೀಕ್ಷಣಾ ಹಾಳೆಯಲ್ಲಿ ಪೀಠಿಕೆಗೆ ಅಂಕವಿದೆ, ಧ್ವನಿಗೆ ಇದೆ, ಕಪ್ಪುಹಲಗೆಗೆ ಇದೆ. ಮಗುವೊಂದು ಹೇಳಲು ಬಂದದ್ದನ್ನು ಶಿಕ್ಷಕಿ ಕೇಳಿಸಿಕೊಂಡಳೇ ಎಂಬುದಕ್ಕೆ ಒಂದು ಸಾಲೂ ಇಲ್ಲ. ಇದ್ದಿದ್ದರೆ ಮೊದಲ ಪಾಠಕ್ಕೆ 21 ಬರುತ್ತಿರಲಿಲ್ಲ. ನಮ್ಮ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೇ: ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸಿ. ಅಂಕ ಬೇಡ, ಉತ್ತರ ಬರೆದರೆ ಸಾಕು. ‘ಈ ಪಾಠದಲ್ಲಿ ಕೈ ಎತ್ತಿ, ಮಾತು ಪೂರ್ತಿ ಮಾಡದೆ ಕೂತ ಮಗು ಯಾರು?’

ಆ ಹುಡುಗ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದ. ಕೆಲಸಕ್ಕೆ ಬಂದವರ ಮಕ್ಕಳು ಹೀಗೆ ಹೋದವರು ಎಷ್ಟೋ ಸಲ ತಿರುಗಿ ಬರುವುದಿಲ್ಲ ಎಂದು ಶಿಕ್ಷಕಿ ಹೇಳಿದ್ದರು. ಅವನು ಬಂದ, ಸಂಕ್ರಾಂತಿ ಕಳೆದು ಮೂರು ದಿನಕ್ಕೆ. ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದ. ಊಟದ ಹೊತ್ತಿಗೆ ಅವನ ಸುತ್ತ ಆರು ಮಕ್ಕಳಿದ್ದರು. ಅವರಲ್ಲಿ ಇಬ್ಬರು ಅಂದು ‘ಚೆಲ್ಬೇಡ’ ಎಂದು ನಕ್ಕವರೇ. ಹೋಳಿಗೆ ಇದ್ದದ್ದು ನಾಲ್ಕು. ಹೇಗೆ ಪಾಲು ಮಾಡುವುದೆಂದು ಅವರು ಜಗಳವಾಡುತ್ತಿದ್ದರು. ಭಿನ್ನರಾಶಿ ಪಾಠಕ್ಕೆ ಒಳ್ಳೆಯ ಪೀಠಿಕೆ ಎಂದುಕೊಂಡು ನಾನು ಸುಮ್ಮನೆ ನೋಡುತ್ತಾ ನಿಂತೆ.